ನೀನು ಅಳಿಸಿದ ಸಾಲಿನಲ್ಲಿ ನಿನ್ನ ಭಾವ ಇದ್ದರು

ತಮ್ಮಾ,

'ಪ್ರೀತಿಯ' ಎಂದು ಶುರು ಮಾಡಲು ಹೋದೆ, ಪೆನ್ನು ಮುಷ್ಕರ ಹೂಡಿತು. ಹಾಗಾಗಿ ಬರೀ ತಮ್ಮ. ಕುಶಲವನ್ನೂ ಕೇಳುವುದಿಲ್ಲ. ನೀನು ಕುಶಲವಾಗಿಯೇ ಇದ್ದೀಯ, ನೀನು ನಡೆಸಿದ ತರಬೇತಿಯ ಸಮಾರೋಪದ ಫೋಟೋದಲ್ಲಿ ನೋಡಿದೆ. ಕೊರಳಲ್ಲಿ ಬ್ಯಾಡ್ಜು, ಪಕ್ಕದಲ್ಲಿ ನಿನ್ನ ಹತ್ತಿರ ಕಲಿಯಲು ಬಂದಿದ್ದ ಸೀಸದ ಕಾರ್ಖಾನೆಯ ಡಾಕ್ಟರು, ಇಬ್ಬರದೂ ಹಲ್ಲು ಕಾಣುತ್ತಿದೆ.

ಆ ಕಾರ್ಖಾನೆಯವರು ಕುಲುಮೆಯನ್ನು ಮತ್ತೆ ಹೊತ್ತಿಸಲು ಅರ್ಜಿ ಹಾಕಿದ್ದಾರೆ. ಅರ್ಜಿಯ ಜೊತೆ ಒಂದು ಚಿತ್ರ ಲಗತ್ತಿಸಿದ್ದಾರೆ. ಹಸಿರು ಗೆರೆ ಕೆಳಗಿಳಿಯುತ್ತದೆ, ನೀಲಿ ಗೆರೆ ಅಲುಗಾಡದೆ ನಿಲ್ಲುತ್ತದೆ. ಕಾರ್ಮಿಕರ ರಕ್ತದಲ್ಲಿ ಸೀಸ ತಾನಾಗಿಯೇ ಇಳಿಯುತ್ತದಂತೆ, ಮೂತ್ರಪಿಂಡಕ್ಕೆ ಏನೂ ಆಗುವುದಿಲ್ಲವಂತೆ. ಕೆಳಗೆ ಸಣ್ಣ ಅಕ್ಷರದಲ್ಲಿ ನಿನ್ನ ಸಂಸ್ಥೆಯ ಹೆಸರು. ನಿನ್ನ ತರಬೇತಿಯಲ್ಲಿ, ನಿನ್ನ ಕಣ್ಣೆದುರು, ನಿನ್ನ ಶಿಷ್ಯರು ಬರೆದ ಚಿತ್ರ.

ಆ ರಕ್ತ ಎಲ್ಲಿಂದ ಬಂತು ಎಂದು ನಿನಗೆ ನೆನಪಿಸಬೇಕಾಗಿ ಬಂದಿದೆಯಲ್ಲ, ಅದಕ್ಕೇ ಮೈ ಉರಿಯುತ್ತದೆ.

ನೀನು ರಕ್ತ ಕೇಳಿಕೊಂಡು ಬಂದ ದಿನ ನಮ್ಮ ಕಾರ್ಮಿಕ ಸಂಘದ ಕಚೇರಿಯಲ್ಲಿ, ಕಾಲು ಕುಂಟುವ ಮೇಜಿನ ಮೇಲೆ ನರ್ಸು ಸೂಜಿಗಳನ್ನು ಹರವಿಟ್ಟಿದ್ದಳು. ಹಳೆಯ ಬ್ಯಾಟರಿ ಒಡೆಯುವವರು, ಸೀಸ ಕರಗಿಸುವವರು, ಬೂದಿ ಎತ್ತುವ ಹೆಂಗಸರು, ಎಲ್ಲರೂ ಕೈಕಟ್ಟಿ ಗೋಡೆಗೆ ಒರಗಿದ್ದರು. "ರಕ್ತ ಕೊಟ್ರೆ ನಮಗೇನ್ ಬರುತ್ತೆ?" ಎಂದು ಯಾರೋ ಕೇಳಿದರು. ನೀನು ಬೆವರಿದೆ. ಆಗ ಅಂಗಿಯ ತೋಳು ಮಡಿಸಿ ಮೊದಲು ಮುಂದೆ ಬಂದವರು ನಿನ್ನ ಭಾವ. "ಕೊಡ್ರೋ, ಕೇಳ್ತಿರೋನು ನಮ್ ಭಾವಮೈದ. ಮಾಲೀಕ ಹೀರಿ ಉಳಿಸಿದ್ರೆ ಇವನಿಗೂ ಒಂಚೂರು ಇರ್ಲಿ." ಆಮೇಲೆ ನರ್ಸಿನ ಕಡೆ ತಿರುಗಿ, "ನಿಧಾನಕ್ಕೇನೂ ಚುಚ್ಚಬೇಡಮ್ಮ, ಇವನ ಅಕ್ಕನ್ನ ಕಟ್ಟಿಕೊಂಡ ಮೇಲೆ ನಂಗೆ ನೋವು ಅನ್ನೋದು ಗೊತ್ತೇ ಆಗಲ್ಲ" ಅಂದರು. ಕಚೇರಿಯೆಲ್ಲ ನಕ್ಕಿತು. ನಾನು ಹಲ್ಲು ಕಡಿದೆ. ಜನ ಸಾಲಾಗಿ ನಿಂತಿದ್ದು ಆ ನಗುವಿನಿಂದ, ನಿನ್ನ ಡಿಗ್ರಿಯಿಂದಲ್ಲ.

ನೀನು ಕುರ್ಚಿಯ ಮೇಲೆ ಹತ್ತಿ ನಿಂತು ಹೇಳಿದ್ದೆ: "ವರ್ಷ ಬಿಟ್ಟು ಇನ್ನೊಂದ್ಸಲ ತಗೋತೀವಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಸತ್ಯ ತಾನಾಗೇ ಹೊರಗೆ ಬೀಳುತ್ತೆ."

ಎರಡನೇ ಸಲ ನೀವು ಬರುವಷ್ಟರಲ್ಲಿ ನಿನ್ನ ಭಾವ, ಕೈ ಮಣಿಕಟ್ಟಿನಿಂದ ಜೋತುಬಿದ್ದು, ಲೋಟ ಹಿಡಿಯಲಾಗದೆ, ಕೊನೆಗೆ ಮೂತ್ರ ಕಟ್ಟಿ, ಆಸ್ಪತ್ರೆಯ ಕಾರಿಡಾರಿನಲ್ಲೇ ಮುಗಿದುಹೋಗಿದ್ದರು. ಅವರೊಬ್ಬರೇ ಅಲ್ಲ. ಕುಲುಮೆಯ ಮುಂದೆ ನಿಲ್ಲುತ್ತಿದ್ದ ಇನ್ನೂ ಕೆಲವರು ಹೋಗಿದ್ದರು. ಹಾಸಿಗೆ ಹಿಡಿದವರು ಕಚೇರಿಯ ಮೆಟ್ಟಿಲು ಹತ್ತಲಿಲ್ಲ. ಬಂದವರು ಯಾರು? ಇನ್ನೂ ನಡೆಯಬಲ್ಲವರು.

ಇನ್ನು ನಿನ್ನ ತರಬೇತಿಯ ಕೋಣೆಗೆ ಬರುತ್ತೇನೆ. ನೀನೇ ಕರೆದೆ. "ಅಕ್ಕಾ, ಉದ್ಘಾಟನೆಗೆ ಬಂದು ಐದು ನಿಮಿಷ ಮಾತಾಡು, ಅಂಕಿ ಹಿಂದೆ ಮನುಷ್ಯರು ಇರ್ತಾರೆ ಅಂತ ಹುಡುಗರಿಗೆ ಗೊತ್ತಾಗ್ಲಿ." ಬಂದೆ, ಮಾತಾಡಿದೆ, ಚಪ್ಪಾಳೆ ಬಿತ್ತು, ಟೀ ಸಿಕ್ಕಿತು. ಎದ್ದು ಹೋಗಬಹುದಿತ್ತು. ನನ್ನ ಜನರ ರಕ್ತದಿಂದ ಏನು ಕಲಿಯುತ್ತಾರೆ ನೋಡೋಣ ಎಂದು ಕೊನೆಯ ಬೆಂಚಿನಲ್ಲಿ ಕುಳಿತೆ. ನೆಲದ ಮೇಲೆ ಟೇಪು ಅಂಟಿಸಿದ ವೈರುಗಳು, ಸ್ವೆಟರ್ ಬೇಕೆನಿಸುವಷ್ಟು ತಣ್ಣಗಿನ ಗಾಳಿ, ಒಬ್ಬೊಬ್ಬರ ಮುಂದೆ ಒಂದೊಂದು ಕಂಪ್ಯೂಟರು. ಎಳೆಯ ಡಾಕ್ಟರುಗಳು, ಜೀವಶಾಸ್ತ್ರದ ಸಂಶೋಧಕರು. ಕೆಟ್ಟವರೇನಲ್ಲ. ಕಲಿಯುವ ಆಸೆ ಕಣ್ಣಲ್ಲಿತ್ತು.

ಗೋಡೆಯ ಮೇಲೆ ನಮ್ಮವರ ಕೋಷ್ಟಕ ಮೂಡಿತು. ಒಬ್ಬರಿಗೆ ಒಂದು ಸಾಲು. ಹೆಸರಿಲ್ಲ, ಬರೀ ಸಂಖ್ಯೆ, ವಯಸ್ಸು, ಕೆಲಸ, ಮೊದಲ ರಕ್ತ, ಎರಡನೇ ರಕ್ತ. ಹೆಸರಿಲ್ಲದಿದ್ದರೇನು? ಕುಲುಮೆಯ ಮುಂದೆ ನಿಂತವರಲ್ಲಿ ಐವತ್ತು ದಾಟಿದ್ದವರು ನಿನ್ನ ಭಾವ ಒಬ್ಬರೇ. ಅವರ ಸಾಲು ನನಗೆ ಕಂಡಿತು. ಮೊದಲ ರಕ್ತದ ಕೆಳಗೆ, ಇಡೀ ಕೋಷ್ಟಕದಲ್ಲೇ ಅತಿ ದೊಡ್ಡ ಅಂಕಿ. ಎರಡನೇ ರಕ್ತದ ಕೆಳಗೆ ಖಾಲಿ.

ಆಗ ನೀನು ಮೈಕು ಹಿಡಿದು, ಮೊದಲ ಪಾಠ ಎಂದು ಹೇಳಿದೆ: "ಖಾಲಿ ಜಾಗ ಇರೋ ಸಾಲುಗಳನ್ನೆಲ್ಲ ತೆಗೆದುಬಿಡಿ. ಒಂದೇ ಆಜ್ಞೆ ಸಾಕು. ಇಲ್ಲಾಂದ್ರೆ ಪ್ರೋಗ್ರಾಮು ತಕರಾರು ಮಾಡುತ್ತೆ, ನನ್ನ ಅಕ್ಕನ ಥರ."

ನಕ್ಕರು. ಬೆರಳು ಒತ್ತಿದರು. ನಿನ್ನ ಭಾವ ಹೋದರು.

ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಕೈ ಎತ್ತಿದಳು, ನೆನಪಿದೆಯಾ? "ಸರ್, ಇವ್ರು ಎರಡನೇ ಸಲ ಯಾಕೆ ಬರ್ಲಿಲ್ಲ?" ನೀನು ಅಂದೆ: "ಒಳ್ಳೇ ಪ್ರಶ್ನೆ. ನಾಳೆ ನೋಡೋಣ, ಈಗ ಲೆಕ್ಕ ಓಡ್ಲಿ." ನಾಳೆ ಬಂತು, ಅದರ ಜೊತೆ ವಂಶವಾಹಿಗಳು ಬಂದವು. ಅದೇ ರಕ್ತದಿಂದ ವಂಶವಾಹಿ ಓದುವುದನ್ನು ಕಲಿಸಿದೆ. ಉಳಿದವರ ಮೈಯಲ್ಲಿ ಸೀಸ ತಡೆದುಕೊಳ್ಳುವ ಗುಣ ಇರಬಹುದೆಂದು ಬಣ್ಣಬಣ್ಣದ ಚುಕ್ಕಿ ಇಟ್ಟರು. ಸತ್ತವರನ್ನು ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡರೆ ಒಳಗಿರುವವರೆಲ್ಲ ಗಟ್ಟಿಗರೇ ಕಣೋ! ಇದಕ್ಕೆ ಚುಕ್ಕಿ ಬೇರೆ ಕೇಡು. ನಾಳೆ ಮಾಲೀಕ ಹೇಳುತ್ತಾನೆ, ತಪ್ಪು ಕುಲುಮೆಯದಲ್ಲ, ಸತ್ತವರ ಅಪ್ಪ ಅಮ್ಮಂದಿರದು ಎಂದು.

ನಿನಗೆ ತಿಳಿಯದೆ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ನಿನಗೆ ಗೊತ್ತು. ನಮ್ಮ ಮನೆಯ ಜಗಲಿಯಲ್ಲಿ ಕೂತು ನೀನೇ ಭಾವನಿಗೆ ಬಿಡಿಸಿ ಹೇಳಿದ್ದೆ: "ಆಸ್ಪತ್ರೆಗೆ ನಡ್ಕೊಂಡು ಬಂದೋರನ್ನ ಮಾತ್ರ ಎಣಿಸಿದ್ರೆ ಊರಲ್ಲೆಲ್ಲ ಕಾಲು ಗಟ್ಟಿ ಇದೆ ಅನ್ಸುತ್ತೆ ಭಾವ." ಅವರು ಬೀಡಿ ಆರಿಸಿ, "ಇದನ್ನ ಹೇಳೋಕೆ ಅಷ್ಟು ವರ್ಷ ಓದಿದ್ಯೇನಯ್ಯಾ?" ಎಂದು ರೇಗಿಸಿದ್ದರು.

ಫೋನಿನಲ್ಲಿ ನೀನು ಕೊಟ್ಟ ಉತ್ತರ ಇನ್ನೂ ಕಿವಿಯಲ್ಲಿ ಕೊರೆಯುತ್ತಿದೆ. "ಅದು ಬರೀ ಅಭ್ಯಾಸದ ಲೆಕ್ಕ ಅಕ್ಕಾ. ಶುರುನಲ್ಲಿ ಎಲ್ಲ ಕಡೆ ಹಂಗೇ ಕಲಿಸೋದು. ಅವ್ರು ಅದನ್ನ ಅರ್ಜಿಗೆ ಅಂಟಿಸ್ತಾರೆ ಅಂತ ನಂಗೇನು ಕನಸು ಬಿದ್ದಿತ್ತಾ?" ಹಾಗಾದರೆ ಇದು ತಪ್ಪು ಎಂದು ಬರೆದುಕೊಡು ಅಂದೆ. "ಸಂಸ್ಥೆ ಒಪ್ಪಬೇಕು. ನೀನು ಎಲ್ಲದಕ್ಕೂ ಬಾವುಟ ಹಿಡಿದು ಬರ್ತೀಯ."

ಹೌದು, ಬರುತ್ತೇನೆ. ಅಭ್ಯಾಸವಂತೆ, ಅಭ್ಯಾಸ! ಕೈ ಪಳಗಿಸಿಕೊಳ್ಳಲು ನಿಮಗೆ ನಮ್ಮ ಹೆಣಗಳೇ ಬೇಕಿತ್ತಾ? ಕಲ್ಪಿಸಿದ ಅಂಕಿಗಳ ಮೇಲೆ ಕಲಿಸಬಹುದಿತ್ತು. ನಮ್ಮವರದೇ ಬೇಕೆಂದಿದ್ದರೆ, ಆ ಹುಡುಗಿ ಕೈ ಎತ್ತಿದ ಗಳಿಗೆಯಲ್ಲಿ ಎಲ್ಲ ಕಂಪ್ಯೂಟರುಗಳನ್ನೂ ನಿಲ್ಲಿಸಿ ಹೇಳಬೇಕಿತ್ತು: ಇವರು ಬರಲಿಲ್ಲ, ಯಾಕೆಂದರೆ ಸತ್ತರು; ಇವರಲ್ಲಿ ಒಬ್ಬರು ನನ್ನ ಭಾವ. ಆ ಒಂದು ಮಾತೇ ಇಡೀ ತರಬೇತಿ ಆಗಿರುತ್ತಿತ್ತು. ಈಗ ಆ ಹುಡುಗರು ತಂತಮ್ಮ ಆಸ್ಪತ್ರೆಗಳಿಗೆ ಮರಳಿ, ಖಾಲಿ ಕಂಡಲ್ಲೆಲ್ಲ ಬೆರಳು ಒತ್ತುತ್ತಾರೆ. ಎಷ್ಟು ಕುಲುಮೆಗಳಿಗೆ ನೀನು ಕಡ್ಡಿ ಗೀರಿಕೊಟ್ಟೆ ಎಂದು ನಿನಗಾದರೂ ತಿಳಿದಿದೆಯಾ?

ಈಗ ಕೇಳು. ಬರುವ ಸೋಮವಾರ ವಿಚಾರಣಾ ಸಮಿತಿ ಕೂರುತ್ತದೆ. ಕುಲುಮೆ ಹೊತ್ತುತ್ತದೋ ಇಲ್ಲವೋ ಅಲ್ಲೇ ತೀರ್ಮಾನ. ಆ ಚಿತ್ರ ಬರೆಸಿದವನನ್ನು ಕರೆಸಿ ಎಂದು ಸಂಘದ ಪರವಾಗಿ ನಾನೇ ಅರ್ಜಿ ಕೊಟ್ಟೆ. ಸಮಿತಿ ಒಪ್ಪಿದೆ. ನೋಟಿಸು ನಿನ್ನ ಸಂಸ್ಥೆಗೆ ತಲುಪುವ ಮೊದಲು ಈ ಪತ್ರ ನಿನಗೆ ತಲುಪಲಿ ಎಂದೇ ಆತುರದಿಂದ ಬರೆಯುತ್ತಿದ್ದೇನೆ. ಅಕ್ಕ ಹಿಂದಿನಿಂದ ಹೊಡೆದಳು ಎಂದು ನೀನು ಹೇಳಬಾರದು.

ಬರುವಾಗ ಇಡೀ ಕೋಷ್ಟಕ ತಾ, ಅಳಿಸಿದ್ದಕ್ಕಿಂತ ಮುಂಚಿನದ್ದು. ತೆಗೆದ ಸಾಲುಗಳನ್ನು ಎಲ್ಲರೆದುರು ವಾಪಸ್ ಹಾಕು, ಒಂದೊಂದಾಗಿ, ಪ್ರತಿಯೊಬ್ಬರೂ ಏನಾದರು ಎಂದು ಬಾಯಿಬಿಟ್ಟು ಹೇಳುತ್ತಾ. ಗಂಡಂದಿರನ್ನು ಕಳೆದುಕೊಂಡ ನಾವೆಲ್ಲ ಎದುರಿನ ಕುರ್ಚಿಗಳಲ್ಲಿ ಕೂತಿರುತ್ತೇವೆ. ಘೋಷಣೆ ಕೂಗುವುದಿಲ್ಲ. ಕೂಗದಿರಲು ನಾನು ಅವರನ್ನು ಒಪ್ಪಿಸಿದ್ದೇನೆ, ಅದೇನು ಸುಲಭದ ಕೆಲಸವೆಂದು ತಿಳಿಯಬೇಡ. ಸಂಸ್ಥೆ ಒಪ್ಪಲಿಲ್ಲ ಎಂದು ನೀನು ಬಾರದಿದ್ದರೆ, ನಿನ್ನ ಕುರ್ಚಿ ಖಾಲಿ ಯಾಕಿದೆ ಎಂದು ಸಮಿತಿಗೆ ನಾನೇ ವಿವರಿಸುತ್ತೇನೆ, ನೀನು ನನ್ನ ತಮ್ಮ ಎಂಬುದನ್ನೂ ಸೇರಿಸಿ.

ಅಲ್ಲಿಯವರೆಗೆ ನನ್ನ ಮನೆಯ ಮೆಟ್ಟಿಲು ತುಳಿಯಬೇಡ.

ನಿನ್ನ ಆಯಸ್ಸು ಗಟ್ಟಿಯಿರಲಿ. ಸೋಮವಾರದೊಳಗೆ ಬೆನ್ನೂ ಗಟ್ಟಿಯಾಗಲಿ.

ಇಷ್ಟೇ,
ನಿನಗಿಂತ ಮೊದಲು ಹುಟ್ಟಿದವಳು