ಎಂಟನೇ ತರಗತಿಯಲ್ಲಿ ಸಿಕ್ಕ ಆಶೀರ್ವಾದ

ಹುಬ್ಬತಲೈ
೧೨ ಜುಲೈ ೨೦೨೪

ಮಾನಸಾ, ನನ್ನ ಹಾಸ್ಟೆಲ್ ರೂಮಿನ ಅರ್ಧ ಒಡತಿಯೇ,

ನಿನ್ನೆ ಊಟಿಯ ಶಾಲೆಯೊಂದರಲ್ಲಿ ಡೆಮೊ ಕ್ಲಾಸ್ ಮುಗಿಸಿ ಬಂದೆ. ಎಲ್ಲ ಸಾಲಾಗಿ ಹೇಳುತ್ತೇನೆ, ಕೊನೆಗೆ ಹಾರಬೇಡ. ಕೂಸು ಹುಟ್ಟಿದ ಮೇಲೆ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ. ಅದು ಅತ್ತರೆ ಭಯ, ಸುಮ್ಮನಿದ್ದರೆ ಇನ್ನೂ ಭಯ. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾ ಕೂರುತ್ತೇನೆ. ಹೀಗೇ ಮನೆಯಲ್ಲಿದ್ದರೆ ದೊಡ್ಡವರ ಜೊತೆ ಮಾತಾಡುವುದೇ ಮರೆತುಹೋಗುತ್ತದೆ ಅನ್ನಿಸಿತ್ತು. ಈ ಟೀಚರ್ ಕೆಲಸ ನನಗೆ ಬೇಕೇ ಬೇಕಿತ್ತು.

ಕೊಟ್ಟ ಪಾಠ ಕಾಂಪೌಂಡ್ ಕಂಜಂಕ್ಷನ್. ನೆನಪಿದೆಯಾ, ಎರಡು ಮೂರು ಪದ ಸೇರಿ ಒಂದೇ ಕೊಂಡಿಯಾಗುವುದು? ‘ಆ್ಯಸ್ ಸೂನ್ ಆ್ಯಸ್’, ‘ಈವನ್ ಇಫ್’ ಎಂದು ತೊಟ್ಟಿಲು ತೂಗುತ್ತಲೇ ಬಾಯಿಪಾಠ ಮಾಡಿದೆ. ಈ ಕೂಸು ಅವ್ವೆ ಅನ್ನುವ ಮೊದಲು ‘ಈವನ್ ಇಫ್’ ಅನ್ನುತ್ತದೆ ನೋಡು ಎಂದು ಅತ್ತೆ ನಂಜಿ ಕೆಣಕಿದರು.

ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲ್ ಕಾರ್ತಿಕೇಯನ್, ಪಕ್ಕದಲ್ಲಿ ಶಾಲಾ ಕಮಿಟಿಯ ಅಜ್ಜಿ, ನಮ್ಮ ಬೆಟ್ಟದವರೇ. ನಾನು ಬೋರ್ಡಿನ ಮೇಲೆ ಬರೆದದ್ದನ್ನು ಮಕ್ಕಳು ಸದ್ದಿಲ್ಲದೆ ಬರೆದುಕೊಳ್ಳುತ್ತಿದ್ದರು. ಒಂದು ಮುಖದಲ್ಲೂ ಜೀವವಿಲ್ಲ. ಕೆಲಸ ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಅಜ್ಜಿ ಬೋರ್ಡು ಕಾಣಲೆಂದು ಎದ್ದು ನನ್ನ ಮುಂದೆ ಬಂದರು. ನನ್ನ ತಲೆ ಬಾಗಿತು.

ನಮ್ಮಲ್ಲಿ ಹಿರಿಯರ ಮುಂದೆ ತಲೆ ಬಾಗಿದರೆ ಅವರು ಕೈಯಿಟ್ಟು ಹರಸಲೇಬೇಕು. ಅದು ಸಂತೆಯಾದರೂ ಸರಿ, ಸಾವಿನ ಮನೆಯಾದರೂ ಸರಿ. ಅಜ್ಜಿ ಹರಸಿದರು.

“ಒಂದಿದ್ದದ್ದು ಸಾವಿರ ಆಗಲಿ, ಹೆಣ್ಣೇ. ಬೆಟ್ಟ ಇರೋ ತನಕ ಬಾಳು. ಬಂದವರೆಲ್ಲ ಉಂಡರೂ ಉಳಿಯೋ ಹಾಗೆ ಬೆಳೆ ಬರಲಿ.”

ಇಡೀ ಕ್ಲಾಸ್ ಕಿಸಕ್ಕೆಂದಿತು. ನನಗೂ ಎಲ್ಲಿಂದಲೋ ಧೈರ್ಯ ಬಂತು. ಇದನ್ನೇ ಇಂಗ್ಲಿಷಿನಲ್ಲಿ ಹರಸಿ ನೋಡೋಣ ಅಂದೆ. ನಿವೇತಾ ಎಂಬ ಹುಡುಗಿ ‘ಬೆಟ್ಟ ಇರೋ ತನಕ’ ಅನ್ನುವುದಕ್ಕೆ ‘ಆ್ಯಸ್ ಲಾಂಗ್ ಆ್ಯಸ್’ ಹಚ್ಚಿ ಬೆಟ್ಟಗಳನ್ನು ಇಂಗ್ಲಿಷಿನಲ್ಲೂ ನಿಲ್ಲಿಸಿಬಿಟ್ಟಳು. ಪಕ್ಕದವಳು, ಲೆಕ್ಕದ ಸಾರ್ ನೂರು ವರ್ಷ ಬಾಳಲಿ, ‘ಪ್ರೊವೈಡೆಡ್ ದಟ್’ ಅವರು ಟೆಸ್ಟ್ ಕೊಡಬಾರದು ಅಂದಳು. ಆಮೇಲೆ ಕೇಳಬೇಡ, ಒಬ್ಬರನ್ನೊಬ್ಬರು ಹರಸಲು ನೂಕುನುಗ್ಗಲು. ಬೆಲ್ ಹೊಡೆದರೂ ಏಳಲಿಲ್ಲ.

ಇಷ್ಟು ಓದಿಯೂ ತಲೆ ಬಾಗಿಸುವುದು ಮರೆತಿಲ್ಲವಲ್ಲ ಎಂದು ಕಾರ್ತಿಕೇಯನ್ ಮೆಚ್ಚಿಕೊಂಡರು. ಸೋಮವಾರದಿಂದ ಬರಲು ಹೇಳಿದ್ದಾರೆ! ಕೂಸು ಇನ್ನು ತನ್ನ ಜವಾಬ್ದಾರಿ ಎಂದು ಅತ್ತೆ ಅಂದಿದ್ದಾರೆ. ಅಷ್ಟೇ ಅಲ್ಲ, ನಮ್ಮ ಸೊಸೆ ಇಂಗ್ಲಿಷ್ ಶಾಲೆಯಲ್ಲೂ ಮರ್ಯಾದೆ ಬಿಡಲಿಲ್ಲ ಎಂದು ಹಟ್ಟಿಯ ಮನೆಮನೆಗೂ ಸಾರಿ ಬಂದಿದ್ದಾರೆ.

ಆಕಳಿಸುತ್ತಲೇ ನಗುತ್ತಿರುವ ನಿನ್ನ
ರಮ್ಯಾ

ಮರೆತಿದ್ದು: ಯಾರಿಗೂ ಹೇಳಬೇಡ. ನಾನು ತಲೆ ಬಾಗಿಸಲೇ ಇಲ್ಲ ಕಣೇ, ನಿಂತಲ್ಲೇ ತೂಕಡಿಸಿದ್ದು. ಅಜ್ಜಿಯ ಕೈ ನೆತ್ತಿಗೆ ತಾಗಿದಾಗಲೇ ಎಚ್ಚರವಾಯಿತು.