ಆಯಿ ಸಾಕ್ಷಿ ಹೇಳದ ಭಾನುವಾರಗಳು

ಗಂಗಾವತಿ
೧೪ ಸೆಪ್ಟೆಂಬರ್ ೧೯೪೬

ತಂಗಿ ಕಳಕಮ್ಮಳಿಗೆ,

"ಬೇಡಿದ್ದು ಕೊಡಾಂವ ಅವ, ಆದರ..." ಹೀಗೇನೋ ಹೇಳುತ್ತಿದ್ದಳು ಆಯಿ. 'ಆದರ' ಆದ ಮೇಲಿನ ಮಾತು ಬೆಳಗಿನಿಂದ ನೆನಪಿಗೆ ಬರುತ್ತಿಲ್ಲ. ಬೇಸಿಗೆಯಲ್ಲಿ ಇರಕಲ್ಲಗಡದಲ್ಲಿ ಅವಳನ್ನು ಮಣ್ಣು ಮಾಡಿ ಬಂದಾಗಿನಿಂದ ನಿನಗೆ ಬರೆಯುವುದನ್ನು ಮುಂದೂಡುತ್ತಲೇ ಬಂದೆ. ಕ್ಷಮಿಸು.

ಕುಕನೂರಿನಿಂದ ನಿನ್ನ ಗಂಡ ಗಾಳೆಪ್ಪ ಬಂದು ಎದುರಿಗೇ ಕುಳಿತಿದ್ದಾನೆ. ಕೊಟ್ಟ ಚಹಾ ಹಾಗೇ ಆರುತ್ತಿದೆ. "ಹುಡುಗಗ ಚಳಿಜ್ವರ ಬಿಡವಲ್ದು ಮಾವಾ. ಗುಳಿಗಿ ತಂದ್ರ ನಿಮ್ಮ ತಂಗಿ ಕಸಗೊಂಡು ಒಗದ್ಲು. ಆಯಿ ಪ್ರಾರ್ಥನಾದಿಂದ ಉಳದ ಮೊಮ್ಮಗಳು ನಾ, ಔಷಧ ಹಾಕಿ ಆಕಿ ದೇವರನ್ನ ಸುಳ್ಳ ಮಾಡ್ಲೇನು ಅಂತಾಳ" ಎನ್ನುತ್ತಾನೆ.

ಹಳ್ಳದಲ್ಲಿ ಮುಳುಗಿ ದೀಕ್ಷಾಸ್ನಾನ ಮಾಡಿಸಿಕೊಂಡು, ಮೂಗುತಿ ಬಿಚ್ಚಿಟ್ಟ ದಿನದಿಂದ ಆಯಿ ಔಷಧ ಮುಟ್ಟಲಿಲ್ಲ, ನಿಜ. ಹಣೆಗೆ ಎಣ್ಣೆ, ಆಮೇಲೆ ಪ್ರಾರ್ಥನೆ, ಅಷ್ಟೇ. ಅವಳು ಕೂಗಿ ಪ್ರಾರ್ಥಿಸುವಾಗ ಪಕ್ಕದ ಮನೆಯ ಮಾಶಾಬಿ, "ನಿಮ್ಮ ಯೇಸಪ್ಪಗ ಕಿವಿ ಮಂದ ಏನ ದುರಗವ್ವಾ?" ಎಂದು ಕೆಣಕುತ್ತಿದ್ದಳು. "ಅವಗಲ್ಲವ್ವಾ, ನನಗ ಮಂದ" ಎನ್ನುತ್ತಿದ್ದಳು ಆಯಿ.

ಅದೇ ಮಾಶಾಬಿ ಮಣ್ಣಿನ ದಿನ ನನ್ನನ್ನು ಬದಿಗೆ ಕರೆದಳು. "ನಿನ್ನ ತಂಗಿ ಸಣ್ಣಾಕಿದ್ದಾಗ ಜ್ವರಾ ಬಂದು ಕಣ್ಣ ಮ್ಯಾಲ ಮಾಡಿದ್ಲಲ್ಲ, ಆವಾಗ ನಿಮ್ಮ ಆಯಿ ನಮ್ಮ ಬಾಗಲಿಗಿ ಬಂದ್ಲಪಾ. 'ನಾ ಹಿತ್ತಲದಾಗ ಮೊಣಕಾಲೂರ್ತೀನಿ, ನೀ ಒಳಗ ಹೋಗಿ ಏನ ಮಾಡ್ತಿ ನಾ ನೋಡೂದಿಲ್ಲ' ಅಂದ್ಲು. ನಮ್ಮ ಮನ್ಯಾಗ ದವಾಖಾನಿ ಕ್ವಿನೈನ್ ಗುಳಿಗಿ ಇತ್ತು. ಬೆಲ್ಲದಾಗಿಟ್ಟು ನುಂಗಿಸಿದೆ. ಜ್ವರಾ ಇಳಿಯೂತನಕಾ ದಿನಾ ಆಕಿ ಹಿತ್ತಲಕ್ಕ, ನಾ ಒಳಗ."

ನೀನು ಎದ್ದು ಕುಳಿತ ಮೇಲೆ ಭಾನುವಾರದ ಆರಾಧನೆಯಲ್ಲಿ ಸಭೆಯವರು ಆಯಿಗೆ, ದೇವರೇ ಗುಣಪಡಿಸಿದನೆಂದು ಎದ್ದು ಸಾಕ್ಷಿ ಹೇಳೆಂದರು. ಅವಳು ಏಳಲಿಲ್ಲ. ಅಲ್ಲಿಂದ ಮುಂದೆ ಯಾವ ಭಾನುವಾರವೂ ಸಾಕ್ಷಿಗೆ ಎದ್ದು ನಿಲ್ಲಲಿಲ್ಲ. ನಾವೆಲ್ಲ ಅದನ್ನು ದೀನತೆ ಎಂದುಕೊಂಡೆವು. ಅವಳ ಪರವಾಗಿ ಉಳಿದವರು ಹೇಳಿದರು. ಅದನ್ನೇ ಕೇಳುತ್ತ ನೀನು ಬೆಳೆದೆ.

ಹಿತ್ತಲಿನ ಪ್ರಾರ್ಥನೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಯಾವುದು ನಿನ್ನನ್ನು ಉಳಿಸಿತೆಂದು ತೀರ್ಮಾನಿಸುವಷ್ಟು ನಂಬಿಕೆ ನನಗೆ ಯಾವುದರ ಮೇಲೂ ಇಲ್ಲ. ಗಾಳೆಪ್ಪನ ಕೈಯಲ್ಲಿ ಗುಳಿಗೆ ಕಳಿಸುತ್ತಿದ್ದೇನೆ. ನೋಡಲಾಗದಿದ್ದರೆ ನೀನೂ ಹಿತ್ತಲಿಗೆ ಹೋಗು. ಅವನು ಒಳಗೆ ಹೋಗಲಿ. ಆಮೇಲೆ ನನ್ನನ್ನು ಬೈದಾದರೂ ಎರಡು ಸಾಲು ಬರೆ, ಇಲ್ಲಿ ನನಗೆ ಅನ್ನ ಇಳಿಯುತ್ತಿಲ್ಲ.

ಮಗುವಿನ ಮೈ ತಣ್ಣಗಾಗಿ ಬೆವರಲಿ, ಹಸಿವೆಂದು ಅಳಲಿ.

ನಿನ್ನ ಅಣ್ಣ,
ಗವಿಸಿದ್ದಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದಿದ್ದೆ. ಅವ್ವ ತೀರಿಕೊಂಡದ್ದು ನಿನ್ನ ಜ್ವರದ ಹಿಂದಿನ ವರ್ಷ, ಇದೇ ಚಳಿಜ್ವರದಲ್ಲಿ. ಆಯಿ ಪ್ರಾರ್ಥಿಸುತ್ತ ಅವಳ ಹಾಸಿಗೆಯ ಪಕ್ಕ ಬಿಟ್ಟು ಏಳಲೇ ಇಲ್ಲ. ಮಾಶಾಬಿಯ ಮನೆಯಲ್ಲಿ ಆಗಲೂ ಗುಳಿಗೆ ಇತ್ತಂತೆ. ಆಯೀ, ಅವ್ವನ ಹೊತ್ತಿಗೆ ನೀನು ಹಿತ್ತಲಿಗೆ ಯಾಕೆ ಹೋಗಲಿಲ್ಲ?