ಕಾಶಪ್ಪನ ಕರಡಿಗಿ

ಇಳಕಲ್ಲ
೩-೮-೧೯೮೩, ಬುಧವಾರ

ಬಾದಾಮಿಯ ಅಕ್ಕ ಸಿದ್ದಲಿಂಗವ್ವಗ ತಂಗಿ ಗುರುಲಿಂಗವ್ವ ಮಾಡುವ ಶರಣು ಶರಣಾರ್ಥಿ. ನಿನ್ನ ಎರಡು ಕಾರ್ಡು ಬಂದು ಮುಟ್ಯಾವು. ಉತ್ತರಾ ಬರೀಲಿಲ್ಲಂತ ಸಿಟ್ಟಾಗಬ್ಯಾಡ, ಪೆನ್ನು ಹಿಡೀಲಿಕ್ಕೆ ಕೈ ಏಳವಲ್ದು. ಕಾಶಪ್ಪಗ ಕಾಮಣಿ ಆಗೇತಿ, ಧಾರವಾಡದ ದವಾಖಾನ್ಯಾಗ ಇಟ್ಟೇವಿ ಅಂತ ಹೇಳಿಕಳಿಸಿದ್ನಲ್ಲಾ, ದವಾಖಾನಿ ಖರೆ, ಕಾಮಣಿ ಸುಳ್ಳು. ಸುಡ್ಲಿ, ನಿನ್ನ ಮುಂದ ಏನ ಮುಚ್ಚಿಡ್ಲಿ? ನನ್ನ ಮಗಾ ಗಾಂಜಾದ ಚಟಕ್ಕ ಬಿದ್ದಾನ.

ವಿದ್ಯಾಗಿರಿ ಕಾಲೇಜಿನ್ಯಾಗ ಓದಾಕತ್ಯಾನ ಅಂತ ತಿಳಕೊಂಡು ನಾವಿಬ್ರೂ ಇಲ್ಲೆ ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟು ಕುಂತಿದ್ವಿ. ರಜಾಕ್ಕ ಬಂದಾಂವ ಇವರ ಜೋಡಿ ಸೆರಗಿನ ಎಳಿ ಜೋಡಸಾಕ ಕುಂತ. ಸಣ್ಣಾಂವಿದ್ದಾಗಿಂದ ಮಾಡಿದ ಕೆಲಸ. ಅವತ್ತ ಒಂದು ಎಳಿಗೆ ಇನ್ನೊಂದು ಕೂಡಸಾಕ ಬರವಲ್ದು, ಸುಮ್ಮಸುಮ್ಮನ ನಗತಾನ. ಇವರು ಅವನ ಟ್ರಂಕು ತಗದು ನೋಡಿದ್ರು. ಅರಿವಿ ಕೆಳಗ ಗಾಂಜಾದ ಪುಡಕಿ ಸಿಕ್ತು. ಹೊಡೀಲಿಲ್ಲಕ್ಕಾ, ಬೈಲೂ ಇಲ್ಲ. ಮರುದಿನ ಮಗನ ಕೈ ಹಿಡಕೊಂಡು ಧಾರವಾಡದ ಬಸ್ಸು ಹತ್ತಿಸಿದ್ರು, ನಾನೂ ಹೋದೆ.

ದವಾಖಾನ್ಯಾಗ ನರ್ಸಬಾಯಿ, ಮೈಮ್ಯಾಲಿಂದೆಲ್ಲಾ ತಗದು ಕೊಡ್ರಿ, ಕೊಳ್ಳಾಗಿನ ಕರಡಿಗಿನೂ ಕೊಡ್ರಿ ಅಂದ್ಲು. ಎಂದೂ ದನಿ ಏರಸದ ಇವರು ವಾದಕ್ಕ ನಿಂತ್ರು. "ಹುಟ್ಟಿದ ಐದನೇ ದಿನ ಸ್ವಾಮಿಗೋಳು ಕಟ್ಟಿದ ಲಿಂಗ ಐತ್ರಿ ಅದರಾಗ. ಜೀವ ಇರೂತನಕ ಮೈ ಬಿಡಂಗಿಲ್ಲ." ಡಾಕ್ಟರು ಸಮಾಧಾನದ ಮನಷ್ಯಾ, ಇರಲಿ ಬಿಡ್ರಿ ಅಂದ್ರು.

ಹೋದ ಶುಕ್ರವಾರ ನೋಡಾಕ ಹೋದ್ವಿ. ಹತ್ತು ದಿನಾ ಆದ್ರೂ ಗುಣಾ ಯಾಕ ಕಾಣವಲ್ದಂತ ಡಾಕ್ಟರು ಕರಡಿಗಿ ತಗಿಸಿ ನೋಡಿದ್ರಂತ. ಮೇಜಿನ ಮ್ಯಾಲೆ ಇಟ್ಟು ನಮ್ಮ ಮುಂದ ಮತ್ತ ಬಿಚ್ಚಿದ್ರು. ಲಿಂಗ ಇಲ್ಲ. ತಳದಾಗ ಚಿಟಿಕಿ ಗಾಂಜಾ. ಇವರು ಗ್ವಾಡಿ ಹಿಡಕೊಂಡು ನೆಲಕ್ಕ ಕುಂತುಬಿಟ್ರು. "ಲಿಂಗ ಎಲ್ಲೋ?" ಅಂತ ಇವರು ಕೇಳಿದ್ರು. ಕಾಶಪ್ಪ ಒಮ್ಮೆ ನನ್ನ ಕಡೆ ನೋಡಿ, "ಹೊಳಿಗೆ ಒಗದೆ ಅಪ್ಪಾ" ಅಂದ.

ಅವತ್ತಿಂದ ಇವರು ಅವನ ಹೆಸರು ತಗಿಯಂಗಿಲ್ಲ. ಬರೂ ಸೋಮವಾರ ತಂದಿ ಬಂದು ಸಹಿ ಮಾಡಿದ್ರ ಇನ್ನೊಂದು ತಿಂಗಳ ಇಟಗೋತೇವಿ, ಇಲ್ಲಾಂದ್ರ ಕರಕೊಂಡು ಹೋಗ್ರಿ ಅಂತ ಡಾಕ್ಟರು ಹೇಳ್ಯಾರ. "ಲಿಂಗ ಒಗದಾಂವಗ ನಾ ತಂದಿ ಅಲ್ಲ" ಅಂತಾರ ಇವರು. ಈಗ ಹೊರಗ ಬಂದ್ರ ಹುಡುಗ ಕೈ ಬಿಟ್ಟು ಹೋಗ್ತಾನ. ನನಗ ಭಾಳ ಅಂಜಿಕಿ ಆಗೇತಿ. ನಿನ್ನ ಮಾತು ಇವರು ತಗದುಹಾಕಂಗಿಲ್ಲ, ರವಿವಾರದೊಳಗ ಬಾ.

ಭಾವಗ ಶರಣು ಹೇಳು. ಮೊಮ್ಮಕ್ಕಳು ಸುಖವಾಗಿರ್ಲಿ, ನನ್ನ ಕಣ್ಣಿನ ದೃಷ್ಟಿ ಅವಕ್ಕ ತಾಗದಿರ್ಲಿ.

ನಿನ್ನ ತಂಗಿ
ಗುರುಲಿಂಗವ್ವ

ತಾ.ಕ.: ಅಕ್ಕಾ, ಈ ಕಾಗದಾ ಓದಿ ಹರದುಹಾಕು. ಟ್ರಂಕಿನ್ಯಾಗ ಸಿಕ್ಕ ಪುಡಕಿ ಒಲಿಗೆ ಹಾಕಂತ ಇವರು ನನಗ ಕೊಟ್ಟಿದ್ರು. ನಾ ಹಾಕಲಿಲ್ಲ. ಒಮ್ಮೆಲೇ ಬಿಡಿಸಿದ್ರ ನನ್ನ ಕೂಸಿನ ಜೀವಾ ಹೋದೀತಂತ ಅನಸ್ತು. ಮೊಲಿ ಬಿಡಸೂಮುಂದ ದಿನಾ ಒಂದೀಟ ಕಡಿಮಿ ಮಾಡ್ತೇವಲ್ಲ, ಹಂಗ ಅಂತ ತಿಳದೆ. ಕರಡಿಗಿಗೆ ಯಾರೂ ಕೈ ಹಚ್ಚಂಗಿಲ್ಲಂತ ಗೊತ್ತಿತ್ತು. ಬಸ್ಸು ಹತ್ತೂ ಮೊದಲ ಲಿಂಗ ತಗದಾಕಿ ನಾನ, ಗಾಂಜಾ ತುಂಬಿ, ದಿನಾ ಒಂದೀಟ ತಗೋ ಅಂತ ಅವಗ ಹೇಳಿದಾಕಿ ನಾನ. ಇವರು ವಾದಾ ಮಾಡೂಮುಂದ ಬಾಜೂಕ ಬಾಯಿ ಮುಚಗೊಂಡು ನಿಂತಿದ್ದೆ. ಕಾಶಪ್ಪ ನನ್ನ ಹೆಸರು ಹೇಳಲಿಲ್ಲ. ಅವನ ಲಿಂಗ ಹೊಳ್ಯಾಗ ಇಲ್ಲ, ನನ್ನ ಕರಡಿಗ್ಯಾಗ ನನ್ನ ಲಿಂಗದ ಜೋಡಿ ಐತಿ. ನೀ ಬಂದು ನನ್ನ ಹಂತೇಲಿ ಕುಂದರು, ಇವರಿಗೆ ನಾನ ಹೇಳ್ತೇನಿ.